ಟೆರೇಸ್ ಮೇಲಿಂದ ಸೌರಕಲೆ ನೋಡುವ ಮುಂಬೈ ಕನ್ನಡಿಗರಿಗೆ: ಪದೇ ಪದೇ ಕೇಳುವ ಪ್ರಶ್ನೆಗಳು

ಮಾಟುಂಗಾ, ಠಾಣೆ, ಡೊಂಬಿವಲಿ ಕಡೆಯ ಸೊಸೈಟಿಗಳಲ್ಲಿ, ಕನ್ನಡ ಸಂಘದ ಕಾರ್ಯಕ್ರಮಗಳಲ್ಲಿ ದೂರದರ್ಶಕ ಇಟ್ಟು ಸೂರ್ಯನನ್ನು ತೋರಿಸುವಾಗ ಜನ ಕೇಳುವ ಪ್ರಶ್ನೆಗಳಿವು. ಪುಣೆ, ಗೋವಾದವರಿಗೂ ಉಪಯೋಗವಾಗುವಂತೆ ಬರೆದಿದ್ದೇನೆ. ಬೇಕಾದ ಪ್ರಶ್ನೆಯಿಂದ ಓದಲು ಶುರು ಮಾಡಬಹುದು. ಆದರೆ ಕಣ್ಣಿನ ಸುರಕ್ಷತೆಯ ಭಾಗವನ್ನು ಮಾತ್ರ ದಯವಿಟ್ಟು ಯಾರೂ ಬಿಟ್ಟು ಓದಬೇಡಿ.

ಸೌರಕಲೆ ಅಂದರೆ ಏನು? ಅದು ಕಪ್ಪಗೆ ಯಾಕೆ?

ಸೂರ್ಯನ ಮೈಮೇಲೆ ಕಾಂತಕ್ಷೇತ್ರ ವಿಪರೀತ ಬಲಗೊಂಡ ಜಾಗವೇ ಸೌರಕಲೆ. ಸೂರ್ಯನ ಒಳಗಿನ ಬಿಸಿ ಅನಿಲ, ಒಲೆಯ ಮೇಲಿನ ಎಸರು ಕುದಿಯುವ ಹಾಗೆ, ಕೆಳಗಿನಿಂದ ಎದ್ದು ಮೇಲೆ ಬಂದು ಶಾಖ ಬಿಟ್ಟು ಮತ್ತೆ ಇಳಿಯುತ್ತಿರುತ್ತದೆ. ಬಲವಾದ ಕಾಂತಕ್ಷೇತ್ರ ಈ ಕುದಿತವನ್ನು ತಡೆದು ಹಿಡಿಯುತ್ತದೆ. ಕೆಳಗಿನ ಶಾಖ ಮೇಲೆ ಬರುವುದು ಕಡಿಮೆಯಾಗಿ ಆ ಜಾಗ ತಣಿಯುತ್ತದೆ. ಸೂರ್ಯನ ಹೊರಮೈ ಸುಮಾರು 5,800 ಕೆಲ್ವಿನ್ ಇದ್ದರೆ ದೊಡ್ಡ ಕಲೆಯ ನಡುಭಾಗ ಸುಮಾರು 4,000 ಕೆಲ್ವಿನ್. ಸುತ್ತಲಿನ ಪ್ರಖರತೆಯ ಎದುರು ಅದು ಕಪ್ಪಾಗಿ ಕಾಣುತ್ತದೆ ಅಷ್ಟೇ. ಒಂದು ದೊಡ್ಡ ಕಲೆಯನ್ನು ಬಿಡಿಸಿ ರಾತ್ರಿಯ ಆಕಾಶದಲ್ಲಿ ಇಟ್ಟರೆ ಹುಣ್ಣಿಮೆಯ ಚಂದ್ರನಿಗಿಂತ ಹೆಚ್ಚು ಬೆಳಗೀತು.

ಕಲೆಗೂ ಕಾಂತಕ್ಷೇತ್ರಕ್ಕೂ ಇರುವ ಸಂಬಂಧವನ್ನು 1908ರಲ್ಲಿ ತೋರಿಸಿದವರು ಅಮೆರಿಕದ ಜಾರ್ಜ್ ಎಲೆರಿ ಹೇಲ್. ನಮ್ಮ ಭೂಮಿಯ ಮೇಲ್ಮೈಯ ಕಾಂತಕ್ಷೇತ್ರ ಸುಮಾರು ಅರ್ಧ ಗಾಸ್ (ಕಾಂತಬಲ ಅಳೆಯುವ ಮಾನ). ದೊಡ್ಡ ಕಲೆಯೊಳಗೆ ಅದು ಎರಡು ಮೂರು ಸಾವಿರ ಗಾಸ್ ಇರುತ್ತದೆ. ದೂರದರ್ಶಕದಲ್ಲಿ ನೋಡಿದರೆ ಕಲೆಗೆ ಎರಡು ಭಾಗ ಕಾಣುತ್ತವೆ: ನಡುವೆ ಗಾಢ ಕಪ್ಪು, ಸುತ್ತ ಎಳೆ ಎಳೆಯಾದ ನಸುಗಪ್ಪು ಅಂಚು.

ಮುಂಬೈಯಲ್ಲಿ ನಕ್ಷತ್ರಗಳೇ ಕಾಣುವುದಿಲ್ಲ. ಇಲ್ಲಿ ಖಗೋಳ ವೀಕ್ಷಣೆ ಸಾಧ್ಯವೇ?

ಸೂರ್ಯನ ಮಟ್ಟಿಗೆ ಖಂಡಿತ ಸಾಧ್ಯ. ಊರಿನ ದೀಪಗಳು ಎಷ್ಟೇ ಹೆಚ್ಚಾದರೂ ಹಗಲಿನ ಈ ನಕ್ಷತ್ರಕ್ಕೆ ಅವುಗಳ ಬಾಧೆಯಿಲ್ಲ. ಕತ್ತಲೆಯ ಆಕಾಶ ಹುಡುಕಿಕೊಂಡು ನೇರಳ್, ವಾಂಗಣಿ ಕಡೆಗೆ ರಾತ್ರಿ ರೈಲು ಹಿಡಿದು ಹೋಗಬೇಕಿಲ್ಲ. ದಿನಕ್ಕೆ ಹತ್ತು ನಿಮಿಷ ಬಿಸಿಲು ಬೀಳುವ ಗ್ಯಾಲರಿ ಇದ್ದರೆ ಸಾಕು, ನೀವೂ ವೀಕ್ಷಕರೇ. ಕಚೇರಿಗೆ ಹೊರಡುವ ಮೊದಲು ನೋಡಿ, ಎಣಿಸಿ, ಬರೆದಿಟ್ಟು ಲೋಕಲ್ ಹಿಡಿಯಬಹುದಾದ ಇಂಥ ಇನ್ನೊಂದು ವಿಜ್ಞಾನದ ಕೆಲಸ ನನಗೆ ಗೊತ್ತಿಲ್ಲ.

ಬರಿಗಣ್ಣಿನಲ್ಲಿ ನೋಡಬಹುದಾ? ಎಕ್ಸ್‌ರೇ ಫಿಲ್ಮ್, ಅರಿಸಿನ ನೀರು, ಕೂಲಿಂಗ್ ಗ್ಲಾಸ್ ಇವೆಲ್ಲ ಆಗುವುದಿಲ್ಲವೇ?

ಆಗುವುದಿಲ್ಲ. ಒಂದೂ ಆಗುವುದಿಲ್ಲ.

ಕಣ್ಣಿನ ಒಳಪರದೆಗೆ ನೋವು ಗೊತ್ತಾಗುವುದಿಲ್ಲ. ಸುಡುತ್ತಿರುವಾಗ ಏನೂ ಅನ್ನಿಸದೆ, ಕೆಲವು ಗಂಟೆಗಳ ನಂತರ ನೋಟದ ನಡುಮಧ್ಯೆ ಮಸುಕು ಕಾಣಿಸಿಕೊಳ್ಳುತ್ತದೆ. ಅದು ಪೂರ್ತಿ ವಾಸಿಯಾಗದೆಯೂ ಉಳಿಯಬಹುದು. ಆದ್ದರಿಂದ "ಕಣ್ಣು ಉರಿಯಲಿಲ್ಲ, ಹಾಗಾಗಿ ಪರವಾಗಿಲ್ಲ" ಎನ್ನುವ ಲೆಕ್ಕ ಇಲ್ಲಿ ನಡೆಯುವುದಿಲ್ಲ.

ಎಕ್ಸ್‌ರೇ ಫಿಲ್ಮ್, ಹಳೆಯ ಕ್ಯಾಮೆರಾ ರೀಲು, ಸಿ.ಡಿ., ಮಸಿ ಹಿಡಿಸಿದ ಗಾಜು ಇವು ಕಣ್ಣಿಗೆ ಕಾಣುವ ಬೆಳಕನ್ನು ಕಡಿಮೆ ಮಾಡಿದಂತೆ ತೋರಿದರೂ ಕಾಣದ ಅವಗೆಂಪು ಕಿರಣಗಳನ್ನು ಬಿಟ್ಟುಬಿಡಬಹುದು. ಗ್ರಹಣದ ದಿನ ನಮ್ಮ ಹಿರಿಯರು ಹಿತ್ತಾಳೆ ತಟ್ಟೆಯಲ್ಲಿ ಅರಿಸಿನ ನೀರೋ ಸಗಣಿ ನೀರೋ ಹಾಕಿ ಪ್ರತಿಬಿಂಬ ತೋರಿಸುತ್ತಿದ್ದರು. ಅವರ ಕಾಳಜಿ ದೊಡ್ಡದು, ಆದರೆ ಲೆಕ್ಕ ನೋಡಿ: ಸೂರ್ಯ ಮೇಲಿದ್ದಾಗ ನೀರು ನೂರರಲ್ಲಿ ಎರಡು ಪಾಲಿನಷ್ಟು ಬೆಳಕನ್ನು ಪ್ರತಿಫಲಿಸುತ್ತದೆ. ಅಂದರೆ ಐವತ್ತರಲ್ಲಿ ಒಂದು ಪಾಲು. ಒಳ್ಳೆಯ ಸೌರ ಫಿಲ್ಟರ್ ಬಿಡುವುದು ಲಕ್ಷದಲ್ಲಿ ಒಂದು ಪಾಲನ್ನು. ಇವೆರಡಕ್ಕೂ ಇರುವ ಅಂತರ ಎರಡು ಸಾವಿರ ಪಟ್ಟು.

ನೇರ ನೋಡಲು ಸರಿಯಾದದ್ದು ಐ.ಎಸ್.ಒ. 12312-2 ಮಾನದಂಡದ ಸೌರ ಕನ್ನಡಕ, ಇಲ್ಲವೇ ವೆಲ್ಡಿಂಗ್ ಕೆಲಸದವರು ಬಳಸುವ 14ನೇ ಶೇಡ್ ಗಾಜು. ಕಡಿಮೆ ನಂಬರಿನ ವೆಲ್ಡಿಂಗ್ ಗಾಜು ಬೇಡ. ಕನ್ನಡಕದ ಹಾಳೆಯಲ್ಲಿ ಗೀರು, ತೂತು, ಮಡಿಕೆ ಇದ್ದರೆ ಕತ್ತರಿಸಿ ಬಿಸಾಡಿ. ಸುಮ್ಮನೆ ಬಿಸಾಡಿದರೆ ಯಾವುದೋ ಮಗು ಎತ್ತಿಕೊಂಡು ನೋಡುತ್ತದೆ.

ಇನ್ನೊಂದು ಮುಖ್ಯ ಮಾತು. ಈ ಕನ್ನಡಕ ಹಾಕಿಕೊಂಡು ಬೈನಾಕ್ಯುಲರ್ ಅಥವಾ ದೂರದರ್ಶಕದಲ್ಲಿ ಇಣುಕಬಾರದು. ಮಸೂರ ಒಟ್ಟುಗೂಡಿಸಿದ ಬೆಳಕು ಕನ್ನಡಕವನ್ನು ಸುಟ್ಟು ಕಣ್ಣಿಗೆ ಹೋಗುತ್ತದೆ.

ಜುಹೂ ಬೀಚಿನಲ್ಲಿ ಮುಳುಗುವ ಕೆಂಪು ಸೂರ್ಯನನ್ನು ಎಲ್ಲರೂ ನೋಡುತ್ತಾರಲ್ಲ?

ಕಡಲಿನ ಮಂಜಿನಲ್ಲಿ ಸೂರ್ಯ ತಾಮ್ರದ ಬಣ್ಣಕ್ಕೆ ಇಳಿದಾಗ ಕ್ಷಣ ಕಣ್ಣು ಹಾಯಿಸುವುದು ಬೇರೆ, ಕಲೆ ಹುಡುಕುತ್ತಾ ದಿಟ್ಟಿಸುವುದು ಬೇರೆ. ದಿಟ್ಟಿಸುವುದಾದರೆ ಆಗಲೂ ಕನ್ನಡಕ ಬೇಕು. ಬೈನಾಕ್ಯುಲರ್ ಅಂತೂ ಬೇಡವೇ ಬೇಡ.

ಕನ್ನಡಕ ಹಾಕಿದರೆ ಕಲೆ ಕಾಣುತ್ತದಾ?

ದೊಡ್ಡದಾಗಿದ್ದರೆ ಕಾಣುತ್ತದೆ. ಭೂಮಿಯ ಅಗಲದ ಮೂರು ನಾಲ್ಕು ಪಟ್ಟು ಇರುವ ಕಲೆ, ಒಳ್ಳೆಯ ದೃಷ್ಟಿಯವರಿಗೆ ಪೆನ್ನಿನ ಚುಕ್ಕೆಯಷ್ಟು ಕಂಡೀತು. 2024ರ ಮೇ ತಿಂಗಳಲ್ಲಿ ಬಂದ 13664ನೇ ಸಕ್ರಿಯ ಪ್ರದೇಶ, ಅಂದರೆ ಕಲೆಗಳ ಗುಂಪು, ಭೂಮಿಯ ಸುಮಾರು ಹದಿನೈದು ಪಟ್ಟು ಅಗಲವಿತ್ತು. ದೂರದರ್ಶಕವಿಲ್ಲದವರೂ ಕನ್ನಡಕದಲ್ಲೇ ಅದನ್ನು ನೋಡಿದರು. ಸಾಮಾನ್ಯ ದಿನಗಳಲ್ಲಿ ಕನ್ನಡಕದೊಳಗೆ ಬೋಳು ಬಿಲ್ಲೆಯೊಂದೇ ಕಾಣುತ್ತದೆ, ಬೇಸರಪಡಬೇಡಿ.

ಖರ್ಚಿಲ್ಲದೆ ನೋಡುವ ದಾರಿ ಇದೆಯೇ?

ತಗಡಿನ ಚಾವಣಿಯ ತೂತಿನಿಂದ ನೆಲಕ್ಕೆ ಬೀಳುವ ಬಿಸಿಲುಕೋಲನ್ನು ಗಮನಿಸಿ. ತೂತು ಚೌಕವಾಗಿರಲಿ, ಸೊಟ್ಟಗಿರಲಿ, ನೆಲದ ಮೇಲೆ ಬೀಳುವ ಬೆಳಕು ದುಂಡಗಿರುತ್ತದೆ. ಅದು ತೂತಿನ ಆಕಾರವಲ್ಲ, ಸೂರ್ಯನ ಬಿಂಬ. ತೂತಿನಿಂದ ನೆಲಕ್ಕಿರುವ ದೂರವನ್ನು ಸುಮಾರು 109ರಿಂದ ಭಾಗಿಸಿದರೆ ಬಿಂಬದ ಅಗಲ ಸಿಗುತ್ತದೆ: ನಾಲ್ಕು ಮೀಟರ್ ಎತ್ತರದ ತಗಡಾದರೆ ಮೂರೂವರೆ ಸೆಂಟಿಮೀಟರಿಗೆ ಸ್ವಲ್ಪ ಹೆಚ್ಚು. ಗ್ರಹಣದಂದು ಇದೇ ಬಿಂಬ ಕಚ್ಚಿದ ಬಿಲ್ಲೆಯಾಗುತ್ತದೆ. ಕಲೆ ಮಾತ್ರ ಇದರಲ್ಲಿ ಕಾಣುವುದು ಬಹಳ ಅಪರೂಪ, ಏಕೆಂದರೆ ಬಿಂಬದ ಅಂಚು ಮಸುಕು.

ಕಲೆ ಎಣಿಸಬೇಕಾದರೆ ಚಿಕ್ಕ ದೂರದರ್ಶಕ ಬೇಕು. 60 ಮಿಲಿಮೀಟರಿನ ಮಸೂರದ್ದಾದರೂ ಸಾಕು. ಮನೆಯಲ್ಲಿ ಮೂಲೆಗೆ ಬಿದ್ದಿರುವುದು ಒಂದಿದ್ದರೆ ಹೊರತೆಗೆಯಿರಿ.

ದೂರದರ್ಶಕ ಇದೆ. ಅದನ್ನು ಸೂರ್ಯನಿಗೆ ಹೇಗೆ ಬಳಸಲಿ?

ಎರಡು ವಿಧಾನಗಳಿವೆ.

ಮೊದಲನೆಯದು, ದೂರದರ್ಶಕದ ಮುಂದಿನ ಬಾಯಿಗೆ, ಅಂದರೆ ಬೆಳಕು ಒಳಗೆ ಬರುವ ಕಡೆಗೆ, ಸೌರ ಫಿಲ್ಟರ್ ಹಾಳೆ ಕಟ್ಟುವುದು. ಬಾಡರ್ ಕಂಪನಿಯ ಹಾಳೆಯನ್ನು ಬಹಳ ಜನ ಬಳಸುತ್ತಾರೆ. ಅದರಲ್ಲಿ 5.0 ಎಂದಿರುವುದು ಕಣ್ಣಿಗೆ, 3.8 ಎಂದಿರುವುದು ಫೋಟೊಕ್ಕೆ ಮಾತ್ರ. ಕೊಳ್ಳುವಾಗ ಇದನ್ನು ಎರಡು ಸಲ ಓದಿ. ಚೌಕಟ್ಟು ಬಿಗಿಯಾಗಿರಲಿ, ಮೇಲೆ ಟೇಪು ಹಾಕಿ. ಮುಂಬೈ ಟೆರೇಸಿನ ಗಾಳಿಗೆ ಸಡಿಲವಾದ ಫಿಲ್ಟರ್ ಹಾರಿಹೋಗುತ್ತದೆ, ಆಗ ನಿಮ್ಮ ಕಣ್ಣು ಐಪೀಸಿನಲ್ಲಿ, ಅಂದರೆ ಕಣ್ಣಿಟ್ಟು ನೋಡುವ ಮಸೂರದಲ್ಲಿ, ಇರುತ್ತದೆ. ಹಳೆಯ ಅಗ್ಗದ ದೂರದರ್ಶಕಗಳ ಜೊತೆ ಐಪೀಸಿಗೆ ತಿರುಪಿ ಹಾಕುವ ಪುಟ್ಟ ಕಪ್ಪು ಗಾಜು ಬರುತ್ತಿತ್ತು. ಅದು ಶಾಖಕ್ಕೆ ಒಡೆಯುತ್ತದೆ, ಯಾವತ್ತೂ ಬಳಸಬೇಡಿ.

ಎರಡನೆಯದು, ಐಪೀಸಿನ ಹಿಂದೆ ಬಿಳಿ ರಟ್ಟು ಹಿಡಿದು ಅದರ ಮೇಲೆ ಬಿಂಬ ಬೀಳಿಸುವುದು. ನನಗೆ ಇದೇ ಹೆಚ್ಚು ಇಷ್ಟ, ಏಕೆಂದರೆ ಹತ್ತು ಜನ ಒಟ್ಟಿಗೆ ನೋಡಬಹುದು. ರಟ್ಟಿನ ಮೇಲೆ 15 ಸೆಂಟಿಮೀಟರ್ ಅಗಲದ ವೃತ್ತ ಬರೆದು ಬಿಂಬ ಅದರೊಳಗೆ ಸರಿಯಾಗಿ ಕೂರುವಂತೆ ಹೊಂದಿಸಿಕೊಳ್ಳಿ. ಆ ಅಳತೆಯಲ್ಲಿ ನಮ್ಮ ಭೂಮಿ ಒಂದೂವರೆ ಮಿಲಿಮೀಟರಿಗಿಂತ ಚಿಕ್ಕದು, ಹೆಚ್ಚುಕಡಿಮೆ ಸಾಸಿವೆ ಕಾಳಿನಷ್ಟು. ಮಕ್ಕಳು ಕಲೆಯ ಪಕ್ಕ ನಿಜವಾದ ಸಾಸಿವೆ ಇಟ್ಟು ನೋಡಿದಾಗ ಆ ಕಲೆಯ ಗಾತ್ರ ತಾನೇ ಅರ್ಥವಾಗುತ್ತದೆ.

ಈ ವಿಧಾನಕ್ಕೆ ಮಸೂರದ ಸಾದಾ ದೂರದರ್ಶಕವೇ ಸರಿ. ಕನ್ನಡಿ, ಮಸೂರ ಎರಡೂ ಇರುವ ಮೊಟಕು ಕೊಳವೆಯವು ಒಳಗೇ ಕಾದು ಹಾಳಾಗುತ್ತವೆ. ಪ್ಲಾಸ್ಟಿಕ್ ಇರುವ ಐಪೀಸ್ ಕರಗುತ್ತದೆ. ಪಕ್ಕದಲ್ಲಿರುವ ಚಿಕ್ಕ ಫೈಂಡರ್ ದುರ್ಬೀನಿಗೆ ಮುಚ್ಚಳ ಹಾಕಿ, ಇಲ್ಲವೇ ಅದನ್ನು ಕಳಚಿಯೇ ಇಡಿ. ಸೂರ್ಯನ ಕಡೆ ಗುರಿ ಹಿಡಿಯಲು ಕೊಳವೆಯ ನೆರಳು ನೋಡಿ: ನೆರಳು ಅತಿ ಚಿಕ್ಕದಾದಾಗ ಕೊಳವೆ ಸೂರ್ಯನ ಕಡೆ ಮುಖ ಮಾಡಿದೆ ಎಂದರ್ಥ. ಮಕ್ಕಳಿರುವ ಕಡೆ ದೂರದರ್ಶಕ ಬಿಟ್ಟು ನೀರು ಕುಡಿಯಲೂ ಹೋಗಬೇಡಿ.

ಯಾವ ಹೊತ್ತು, ಯಾವ ತಿಂಗಳು ಒಳ್ಳೆಯದು?

ಬೆಳಿಗ್ಗೆ ಎಂಟರಿಂದ ಹತ್ತು. ಆಮೇಲೆ ಟೆರೇಸಿನ ಕಾಂಕ್ರೀಟು, ಪಕ್ಕದ ಕಟ್ಟಡದ ತಗಡು ಕಾದು ಬಿಸಿ ಗಾಳಿ ಏಳುತ್ತದೆ, ಬಿಂಬದ ಅಂಚು ನಡುಗುತ್ತದೆ. ನೀರಿನ ಮೇಲಿನ ಗಾಳಿ ಇದಕ್ಕಿಂತ ಶಾಂತ. ಹಾಗಾಗಿ ಖಾಡಿಯ ಕಡೆ, ಕಡಲ ಕಡೆ ಕಿಟಕಿ ಇರುವವರು ಅದೃಷ್ಟವಂತರು. ಗೋವಾದವರಿಗೆ ಈ ಅನುಕೂಲ ಹೆಚ್ಚು.

ಜೂನ್‌ನಿಂದ ಸೆಪ್ಟೆಂಬರ್ ತನಕ ಮುಂಬೈಯಲ್ಲಿ ಮಳೆ. ಮೋಡ ಬಿಟ್ಟ ದಿನ ನೋಡಿ, ಉಳಿದ ದಿನ "ಮೋಡ" ಎಂದು ಬರೆಯಿರಿ. ಮೇ ನಡುವಿನಲ್ಲಿ ನಡುಹಗಲು ಸೂರ್ಯ ನೆತ್ತಿಯ ಮೇಲೇ ಬರುವುದರಿಂದ ದೂರದರ್ಶಕ ತಿರುಗಿಸುವುದೂ ಕಷ್ಟ, ನಿಲ್ಲುವುದೂ ಕಷ್ಟ.

ಕಲೆಗಳನ್ನು ಎಣಿಸುವುದು ಹೇಗೆ?

ಸ್ವಿಟ್ಜರ್‌ಲೆಂಡಿನ ರುಡಾಲ್ಫ್ ವುಲ್ಫ್ 1848ರಲ್ಲಿ ಹಾಕಿಕೊಟ್ಟ ಲೆಕ್ಕ ಇಂದಿಗೂ ಚಾಲ್ತಿಯಲ್ಲಿದೆ. ಗುಂಪುಗಳನ್ನು ಎಣಿಸಿ ಹತ್ತರಿಂದ ಗುಣಿಸಿ, ಅದಕ್ಕೆ ಬಿಡಿ ಕಲೆಗಳ ಒಟ್ಟು ಸಂಖ್ಯೆ ಸೇರಿಸಿ.

ಉದಾಹರಣೆಗೆ ಇವತ್ತು ಮೂರು ಗುಂಪು ಕಂಡವು ಎನ್ನಿ. ಒಂದರಲ್ಲಿ ಏಳು ಕಲೆ, ಇನ್ನೊಂದರಲ್ಲಿ ನಾಲ್ಕು, ಮತ್ತೊಂದು ಕಡೆ ಒಂಟಿ ಕಲೆ. ಗುಂಪು 3, ಕಲೆ 12. ಮೂವತ್ತಕ್ಕೆ ಹನ್ನೆರಡು ಕೂಡಿಸಿದರೆ 42. ಒಂಟಿ ಕಲೆಯೂ ಒಂದು ಗುಂಪೇ. ಹಾಗಾಗಿ ಸೂರ್ಯನ ಮೇಲೆ ಒಂದೇ ಒಂದು ಚುಕ್ಕೆ ಇದ್ದರೂ ಸಂಖ್ಯೆ 11. ಏನೂ ಇಲ್ಲದಿದ್ದರೆ ಸೊನ್ನೆ. 1ರಿಂದ 10ರವರೆಗಿನ ಸಂಖ್ಯೆ ಬರುವುದೇ ಇಲ್ಲ, ಬಂದರೆ ಎಲ್ಲೋ ತಪ್ಪಾಗಿದೆ.

ಯಾವುದು ಒಂದು ಗುಂಪು, ಯಾವುದು ಎರಡು ಎಂಬಲ್ಲಿಯೇ ನಿಜವಾದ ಕಷ್ಟ. ಗುಂಪು ಸಾಮಾನ್ಯವಾಗಿ ಪೂರ್ವ ಪಶ್ಚಿಮವಾಗಿ ಉದ್ದಕ್ಕೆ ಚಾಚಿಕೊಂಡಿರುತ್ತದೆ: ಪಶ್ಚಿಮದಲ್ಲಿ ಮುಂದಾಳು ಕಲೆ, ಹಿಂದೆ ಚದುರಿದ ಹಿಂಬಾಲಕರು. ಉತ್ತರ ದಕ್ಷಿಣವಾಗಿ ದೂರವಿರುವ ಎರಡು ಕಲೆಗಳು ಬಹುಮಟ್ಟಿಗೆ ಬೇರೆ ಬೇರೆ ಗುಂಪು. ದಿಕ್ಕು ತಿಳಿಯಲು ದೂರದರ್ಶಕವನ್ನು ಅಲುಗಾಡಿಸದೆ ಬಿಡಿ. ಬಿಂಬ ತಾನಾಗಿ ಜಾರುತ್ತದೆ, ಮೊದಲು ಹೊರಬೀಳುವ ಅಂಚು ಪಶ್ಚಿಮ. ಒಂದೇ ನಸುಗಪ್ಪು ಅಂಚಿನೊಳಗೆ ಎರಡು ಗಾಢ ಕಪ್ಪು ಭಾಗಗಳಿದ್ದರೆ ಅವನ್ನು ಎರಡು ಕಲೆ ಎಂದೇ ಎಣಿಸಿ.

ನನ್ನ ಎಣಿಕೆ ಅಧಿಕೃತ ಸಂಖ್ಯೆಗೆ ಹೊಂದುವುದಿಲ್ಲ. ತಿದ್ದಿಕೊಳ್ಳಲೇ?

ದಯವಿಟ್ಟು ತಿದ್ದಬೇಡಿ. ಎರಡು ಇಂಚಿನ ದೂರದರ್ಶಕದವರಿಗೂ ಆರು ಇಂಚಿನವರಿಗೂ ಒಂದೇ ಸಂಖ್ಯೆ ಬರುವುದಿಲ್ಲ. ಇದು ಗೊತ್ತಿದ್ದೇ ವುಲ್ಫ್ ತನ್ನ ಸೂತ್ರದಲ್ಲಿ ಪ್ರತಿಯೊಬ್ಬ ವೀಕ್ಷಕನಿಗೂ ಒಂದು ಗುಣಾಂಕ ಇಟ್ಟ. ನೀವು ಸದಾ ಶೇಕಡ ಇಪ್ಪತ್ತು ಕಡಿಮೆ ಎಣಿಸುವವರಾದರೆ ಗುಣಾಂಕ ಅದನ್ನು ಸರಿದೂಗಿಸುತ್ತದೆ. ಒಂದು ದಿನ ಕಡಿಮೆ, ಮರುದಿನ ಉಪಗ್ರಹದ ಚಿತ್ರ ನೋಡಿ ಹೆಚ್ಚು ಎಣಿಸಿದರೆ ಯಾವ ಗುಣಾಂಕವೂ ಸರಿಪಡಿಸಲಾರದು. ಆದ್ದರಿಂದ ಅದೇ ದೂರದರ್ಶಕ, ಅದೇ ಐಪೀಸ್, ಅದೇ ಹೊತ್ತು. ಇಂಟರ್‌ನೆಟ್ಟಿನ ಚಿತ್ರ ನೋಡುವುದು ನಿಮ್ಮ ಸಂಖ್ಯೆ ಬರೆದಾದ ಮೇಲೆ.

ಹನ್ನೊಂದು ವರ್ಷದ ಚಕ್ರ ಅಂತಾರೆ. ಈಗ ಎಲ್ಲಿದ್ದೇವೆ?

ಜರ್ಮನಿಯ ದೆಸಾವ್ ಊರಿನಲ್ಲಿ ಔಷಧ ವ್ಯಾಪಾರಿಯಾಗಿದ್ದ ಹೈನ್ರಿಶ್ ಶ್ವಾಬೆ 1826ರಲ್ಲಿ ದಿನವೂ ಸೂರ್ಯನನ್ನು ನೋಡಲು ಶುರು ಮಾಡಿದ. ಬುಧನಿಗಿಂತ ಒಳಗೆ ಇನ್ನೊಂದು ಗ್ರಹ ಇದ್ದರೆ ಅದು ಸೂರ್ಯನ ಮುಂದೆ ಹಾದುಹೋಗುವಾಗ ಹಿಡಿಯಬೇಕೆಂಬುದು ಅವನ ಆಸೆ. ಗ್ರಹ ಸಿಗಲಿಲ್ಲ. ಹದಿನೇಳು ವರ್ಷಗಳ ದಾಖಲೆ ತಿರುವಿದಾಗ ಕಲೆಗಳು ಏರಿಳಿಯುವ ಲಯ ಸಿಕ್ಕಿತು. ಸರಾಸರಿ ಹನ್ನೊಂದು ವರ್ಷ ಎಂದರೂ ಚಕ್ರ ಒಂಬತ್ತು ವರ್ಷಕ್ಕೆ ಮುಗಿದದ್ದೂ ಇದೆ, ಹದಿನಾಲ್ಕರ ಹತ್ತಿರ ಎಳೆದದ್ದೂ ಇದೆ. 1645ರಿಂದ 1715ರ ನಡುವೆ ಕಲೆಗಳು ತೀರಾ ವಿರಳವಾಗಿದ್ದವು.

ಈಗಿನದು 25ನೇ ಚಕ್ರ. 2019ರ ಡಿಸೆಂಬರಿನಲ್ಲಿ ಶುರುವಾಯಿತು. ತಜ್ಞರ ಸಮಿತಿ 2025ರ ಜುಲೈ ಸುಮಾರಿಗೆ ಕಲೆಸಂಖ್ಯೆ 115ರ ಶಿಖರ ಬರಬಹುದೆಂದು ಅಂದಾಜಿಸಿತ್ತು. ಬಂದದ್ದು ಅದಕ್ಕೂ ಮೊದಲೇ, 2024ರ ಅಕ್ಟೋಬರಿನಲ್ಲಿ, ಸರಾಸರಿ ಸುಮಾರು 161. ಈಗ ನಾವು ಇಳಿಜಾರಿನಲ್ಲಿದ್ದೇವೆ. ಏರುವುದಕ್ಕಿಂತ ಇಳಿಯುವುದು ನಿಧಾನ. 2030ರ ಆಸುಪಾಸಿಗೆ ತಳ ಮುಟ್ಟುವ ನಿರೀಕ್ಷೆಯಿದೆ.

"ಶಿಖರ ಮುಗಿಯಿತು, ಇನ್ನೇನು ನೋಡುವುದು?" ಎನ್ನುವವರಿಗೆ ನಾನು ಹೇಳುವುದು, ಈಗಲೇ ಶುರು ಮಾಡಿ. ಚಕ್ರದ ಆರಂಭದಲ್ಲಿ ಕಲೆಗಳು ಮೂವತ್ತು ಡಿಗ್ರಿ ಅಕ್ಷಾಂಶದ ಸುತ್ತ ಹುಟ್ಟುತ್ತವೆ, ಬರಬರುತ್ತಾ ಸಮಭಾಜಕದ ಹತ್ತಿರಕ್ಕೆ ಇಳಿಯುತ್ತವೆ. ಹಳೆಯ ಚಕ್ರದ ಕೊನೆಯ ಕಲೆ ನಡುವೆ, ಹೊಸ ಚಕ್ರದ ಮೊದಲ ಕಲೆ ಮೇಲೆ, ಎರಡೂ ಒಂದೇ ಬಿಂಬದಲ್ಲಿ ಕಾಣುವ ದಿನ ತಳದಲ್ಲೇ ಬರುವುದು. ಸೊನ್ನೆ ಬರೆಯುವ ದಿನಗಳಿಗೂ ಅಷ್ಟೇ ಬೆಲೆಯಿದೆ. ಸೊನ್ನೆ ಬರೆಯಲು ಬೇಸತ್ತು ನಿಲ್ಲಿಸಿದವರ ಪುಸ್ತಕದಲ್ಲಿ ಆ ದಿನ ಕಲೆ ಇರಲಿಲ್ಲವೋ, ನೋಡಲೇ ಇಲ್ಲವೋ ಎಂಬುದು ಆಮೇಲೆ ಗೊತ್ತಾಗುವುದಿಲ್ಲ.

ಸೂರ್ಯನ ಚರಿತ್ರೆಯಲ್ಲಿ ಮುಂಬೈಗೆ ಏನಾದರೂ ಸ್ಥಾನವಿದೆಯೇ?

ಇದೆ, ಮತ್ತು ಇಲ್ಲಿಯವರಿಗೇ ಅದು ಗೊತ್ತಿಲ್ಲದಿರುವುದು ನನಗೆ ಬೇಸರದ ಸಂಗತಿ.

1859ರ ಸೆಪ್ಟೆಂಬರ್ 1ರಂದು ಇಂಗ್ಲೆಂಡಿನಲ್ಲಿ ರಿಚರ್ಡ್ ಕ್ಯಾರಿಂಗ್ಟನ್, ಮೇಲೆ ಹೇಳಿದ ಬಿಂಬ ಬೀಳಿಸುವ ವಿಧಾನದಲ್ಲೇ ಕಲೆಗಳ ಚಿತ್ರ ಬರೆಯುತ್ತಿದ್ದಾಗ, ಒಂದು ದೊಡ್ಡ ಗುಂಪಿನ ಮೇಲೆ ಎರಡು ಕಡೆ ಕಣ್ಣು ಕೋರೈಸುವ ಬೆಳಕು ಹೊಮ್ಮಿ ಐದು ನಿಮಿಷದಲ್ಲಿ ಆರಿತು. ಸೌರಜ್ವಾಲೆಯನ್ನು ಮನುಷ್ಯ ಕಂಡ ಮೊದಲ ದಾಖಲೆ ಅದು. ಸುಮಾರು ಹದಿನೇಳೂವರೆ ಗಂಟೆಗಳ ನಂತರ ಭೂಮಿಗೆ ಭಾರೀ ಕಾಂತ ಬಿರುಗಾಳಿ ಅಪ್ಪಳಿಸಿತು. ಯುರೋಪಿನ ಭೂಕಾಂತ ಅಳೆಯುವ ಉಪಕರಣಗಳ ಸೂಚಿ ಅಳತೆಪಟ್ಟಿಯಿಂದಲೇ ಆಚೆ ಹೋಯಿತು.

ಆಗ ಮುಂಬೈಯ ಕೊಲಾಬಾ ವೀಕ್ಷಣಾಲಯದಲ್ಲಿ ಭೂಕಾಂತದ ಅಳತೆ ನಡೆಯುತ್ತಿತ್ತು. ಅಲ್ಲಿನ ಸಿಬ್ಬಂದಿ ಗಂಟೆಗೊಮ್ಮೆ ಕಣ್ಣಿನಿಂದಲೇ ನೋಡಿ ಬರೆಯುತ್ತಿದ್ದರು, ಏರುಪೇರು ಕಂಡರೆ ಹದಿನೈದು ನಿಮಿಷಕ್ಕೊಮ್ಮೆ, ಐದು ನಿಮಿಷಕ್ಕೊಮ್ಮೆ. ಆ ಬಿರುಗಾಳಿಯಲ್ಲಿ ಭೂಕಾಂತದ ಅಡ್ಡ ಬಲ (ನೆಲಕ್ಕೆ ಸಮಾನಾಂತರವಾದ ಪಾಲು) ಸುಮಾರು 1,600 ನ್ಯಾನೊಟೆಸ್ಲಾ (ಇದೂ ಕಾಂತಬಲದ ಮಾನ) ಕುಸಿದದ್ದು ಕೊಲಾಬಾ ಪುಸ್ತಕದಲ್ಲಿ ಉಳಿದಿದೆ. ಆ ಬಿರುಗಾಳಿ ಎಷ್ಟು ದೊಡ್ಡದಿತ್ತು ಎಂದು ಇಂದಿನ ವಿಜ್ಞಾನಿಗಳು ಲೆಕ್ಕ ಹಾಕುವಾಗ ಈ ಅಂಕಿಗಳಿಗೇ ಮರಳುತ್ತಾರೆ. ಬರೆದವರ ಹೆಸರು ನಮಗೆ ಗೊತ್ತಿಲ್ಲ. ಐದು ನಿಮಿಷಕ್ಕೊಮ್ಮೆ ತಪ್ಪದೆ ನೋಡಿದ ಅವರ ಶ್ರದ್ಧೆ ಮಾತ್ರ ಅಂಕಿಗಳಲ್ಲಿದೆ.

ಮುಂಬೈಗೆ ವಿದ್ಯುತ್ ಟ್ರಾಂ ಬರುವುದು ನಿಕ್ಕಿಯಾದಾಗ, ಅದರ ಕರೆಂಟು ಸೂಕ್ಷ್ಮ ಅಳತೆಗೆ ಅಡ್ಡಿಯಾಗುತ್ತದೆಂದು 1904ರಲ್ಲಿ ಅಲಿಬಾಗಿನಲ್ಲಿ ಹೊಸ ಕೇಂದ್ರ ಆರಂಭಿಸಿದರು. ಆಗಿನ ನಿರ್ದೇಶಕರು ನಾನಾಭಾಯಿ ಮೂಸ್. ಅಲಿಬಾಗಿನ ಅಳತೆ ಇಂದಿಗೂ ನಡೆಯುತ್ತಿದೆ. 1965ರಲ್ಲಿ ಗೋವಿಂದ ಸ್ವರೂಪ್ ಅವರ ತಂಡ ಸೂರ್ಯನ ರೇಡಿಯೊ ಅಲೆಗಳನ್ನು ಹಿಡಿಯಲು 32 ಚಿಕ್ಕ ಡಿಶ್ ಆಂಟೆನಾಗಳನ್ನು ಸಾಲಾಗಿ ನಿಲ್ಲಿಸಿದ್ದು ಕಲ್ಯಾಣದಲ್ಲಿ, ನಮ್ಮಲ್ಲಿ ಎಷ್ಟೋ ಜನ ದಿನವೂ ಹಾದುಹೋಗುವ ಊರಿನಲ್ಲಿ.

ಸೌರ ಬಿರುಗಾಳಿ ಬಂದರೆ ಮೊಬೈಲ್ ಸುಡುತ್ತದಾ?

ವಾಟ್ಸಾಪಿನಲ್ಲಿ ಬರುವ ಹಾಗೆ ಮೊಬೈಲ್ ಸುಡುವುದಿಲ್ಲ. ನಮ್ಮ ವಾತಾವರಣ, ಭೂಕಾಂತ ಎರಡೂ ಕಾಯುತ್ತವೆ. ತೊಂದರೆ ಆಗುವುದು ಉಪಗ್ರಹಗಳಿಗೆ, ವಿಮಾನ ಮತ್ತು ಹಡಗುಗಳ ಶಾರ್ಟ್‌ವೇವ್ ರೇಡಿಯೊಗೆ, ಜಿ.ಪಿ.ಎಸ್. ನಿಖರತೆಗೆ, ಉತ್ತರದ ದೇಶಗಳ ಉದ್ದನೆಯ ವಿದ್ಯುತ್ ಮಾರ್ಗಗಳಿಗೆ. ಜ್ವಾಲೆಯ ಬೆಳಕು ಎಂಟು ನಿಮಿಷ ಚಿಲ್ಲರೆಯಲ್ಲಿ ಬರುತ್ತದೆ, ಸೂರ್ಯ ಎಸೆದ ಕಣಗಳ ಮೋಡ ಸಾಮಾನ್ಯವಾಗಿ ಒಂದರಿಂದ ಮೂರು ದಿನದಲ್ಲಿ.

2024ರ ಮೇ 10ರ ರಾತ್ರಿಯ ಬಿರುಗಾಳಿಯಲ್ಲಿ ಲಡಾಖಿನ ಹಾನ್ಲೆಯ ಕ್ಯಾಮೆರಾಗಳಿಗೆ ಕೆಂಪು ಧ್ರುವಪ್ರಭೆ (ಅರೋರಾ) ಸಿಕ್ಕಿತು. 1872ರ ಫೆಬ್ರವರಿ 4ರ ಬಿರುಗಾಳಿಯಲ್ಲಿ ಮುಂಬೈಯಲ್ಲೇ ಅದು ಕಂಡಿತೆಂದು ಅಂದಿನ ಪತ್ರಿಕೆ ವರದಿ ಮಾಡಿದೆ.

ಕಲೆ ಹೆಚ್ಚಾದರೆ ಮಳೆ ಕಡಿಮೆಯೇ?

ಕಲೆ ಎಣಿಸಿ ಈ ವರ್ಷದ ಮುಂಗಾರು ಹೇಳಲಾಗದು. ಚಕ್ರದ ತಳಕ್ಕೂ ಶಿಖರಕ್ಕೂ ಸೂರ್ಯನಿಂದ ಬರುವ ಒಟ್ಟು ಶಕ್ತಿಯಲ್ಲಿ ವ್ಯತ್ಯಾಸ ಸಾವಿರಕ್ಕೆ ಒಂದು ಪಾಲಿನಷ್ಟು.

ಆದಿತ್ಯ-ಎಲ್1 ಇರುವಾಗ ನಾವು ಯಾಕೆ ಎಣಿಸಬೇಕು?

2023ರ ಸೆಪ್ಟೆಂಬರ್ 2ರಂದು ಹಾರಿದ ಇಸ್ರೋದ ಸೌರ ನೌಕೆ ಆದಿತ್ಯ ಭೂಮಿಯಿಂದ ಹದಿನೈದು ಲಕ್ಷ ಕಿಲೋಮೀಟರ್ ದೂರದಲ್ಲಿ ನಿಂತು ಸೂರ್ಯನನ್ನು ನೋಡುತ್ತಿದೆ. ಅದರ ನೇರಳಾತೀತ ದೂರದರ್ಶಕ 'ಸೂಟ್' ರೂಪಿಸಿದ್ದು ಪುಣೆಯ ಅಯೂಕಾ ಸಂಸ್ಥೆಯ ನೇತೃತ್ವದಲ್ಲಿ. ಅದು ಕಾಣುವುದನ್ನು ನಾವು ಕಾಣಲಾರೆವು. ಆದರೆ ಉಪಗ್ರಹಗಳ ನಿರಂತರ ಚಿತ್ರಗಳು ಸಿಗುತ್ತಿರುವುದು ಮೂರು ದಶಕಗಳಿಂದ, ಅಂದರೆ ಮೂರು ಚಕ್ರಗಳಷ್ಟೇ. ಕಣ್ಣಿನಿಂದ ಎಣಿಸಿದ ದಾಖಲೆ 1610ರವರೆಗೆ ಹಿಂದಕ್ಕೆ ಹೋಗುತ್ತದೆ. ಹಳೆಯ ಸಂಖ್ಯೆಗಳ ಜೊತೆ ಇಂದಿನದನ್ನು ಹೋಲಿಸಬೇಕಾದರೆ ಹಳೆಯ ರೀತಿಯಲ್ಲೇ ಎಣಿಸುವವರು ಇರಬೇಕು. ಅದಕ್ಕಾಗಿಯೇ ಬೆಲ್ಜಿಯಂನ ರಾಜ ವೀಕ್ಷಣಾಲಯ, ಅಂತರರಾಷ್ಟ್ರೀಯ ಕಲೆಸಂಖ್ಯೆಯನ್ನು ಇಂದಿಗೂ ಚಿಕ್ಕ ದೂರದರ್ಶಕಗಳ ವೀಕ್ಷಕರಿಂದ ಕಟ್ಟುತ್ತದೆ. ಅವರಲ್ಲಿ ಬಹಳಷ್ಟು ಮಂದಿ ಹವ್ಯಾಸಿಗಳು.

ಮಕ್ಕಳಿಂದ ಏನು ಮಾಡಿಸಬಹುದು?

ಪೂರ್ವದ ಅಂಚಿನಲ್ಲಿ ಹೊಸ ಕಲೆ ಕಂಡ ದಿನದಿಂದ ಅದೇ ವೃತ್ತದ ಕಾಗದದ ಮೇಲೆ ದಿನವೂ ಗುರುತು ಹಾಕಿಸಿ. ಸುಮಾರು ಹದಿಮೂರು ದಿನದಲ್ಲಿ ಅದು ಪಶ್ಚಿಮದ ಅಂಚು ದಾಟುತ್ತದೆ. ಸೂರ್ಯ ತಿರುಗುವುದನ್ನು ಮಗು ತಾನೇ ಕಂಡುಕೊಂಡ ಹಾಗಾಯಿತು. ಅಂಚಿನ ಹತ್ತಿರ ದುಂಡನೆಯ ಕಲೆ ಚಪ್ಪಟೆಯಾಗುವುದನ್ನೂ ತೋರಿಸಿ. ಸೂರ್ಯ ತಟ್ಟೆಯಲ್ಲ, ಗೋಳ ಎಂಬುದಕ್ಕೆ ಅದು ಕಣ್ಣಾರೆ ಸಾಕ್ಷಿ.

ಎಲ್ಲಿ ಹೋಗಿ ಕಲಿಯಲಿ? ದಾಖಲೆ ಯಾರಿಗೆ ಕಳಿಸಲಿ?

ಮುಂಬೈಯಲ್ಲಿ ವರ್ಳಿಯ ನೆಹರೂ ತಾರಾಲಯ, ಖಗೋಳ ಮಂಡಳ. ಪುಣೆಯಲ್ಲಿ 1944ರಿಂದ ನಡೆಯುತ್ತಿರುವ ಜ್ಯೋತಿರ್ವಿದ್ಯಾ ಪರಿಸಂಸ್ಥಾ. ಗೋವಾದಲ್ಲಿ ಪಣಜಿಯ ಖಗೋಳ ಮಿತ್ರರ ಸಂಘ. ಮಾತುಕತೆ ಹೆಚ್ಚಾಗಿ ಮರಾಠಿ, ಕೊಂಕಣಿ, ಇಂಗ್ಲಿಷಿನಲ್ಲಿ ನಡೆಯುತ್ತದೆ, ಅದಕ್ಕೆ ಹಿಂಜರಿಯಬೇಡಿ. ನಾರಾಯಣಗಾಂವ್ ಹತ್ತಿರದ ಖೊಡದ್ ರೇಡಿಯೊ ದೂರದರ್ಶಕವನ್ನು ಫೆಬ್ರವರಿ 28ರ ವಿಜ್ಞಾನ ದಿನದ ಸುಮಾರಿಗೆ ಜನರಿಗೆ ತೆರೆದು ತೋರಿಸುತ್ತಾರೆ.

ಎಣಿಕೆ ಕೈಗೆ ಕುಳಿತ ಮೇಲೆ ಅಮೆರಿಕದ ಹವ್ಯಾಸಿ ಸಂಸ್ಥೆ ಎ.ಎ.ವಿ.ಎಸ್.ಒ.ದ ಸೌರ ವಿಭಾಗಕ್ಕೆ ತಿಂಗಳಿಗೊಮ್ಮೆ ಕಳಿಸಬಹುದು. ದಿನಾಂಕ, ಹೊತ್ತು, ಗುಂಪು, ಕಲೆ, ಬಿಂಬ ಎಷ್ಟು ಸ್ಥಿರವಾಗಿತ್ತು ಎಂಬುದು, ಇಷ್ಟೇ ಬೇಕು. ಹೊತ್ತನ್ನು ಮಾತ್ರ ವಿಶ್ವಮಾನ ಸಮಯದಲ್ಲಿ ಬರೆಯಬೇಕು. ನಮ್ಮ ಗಡಿಯಾರದಿಂದ ಐದೂವರೆ ಗಂಟೆ ಕಳೆಯಿರಿ: ಬೆಳಿಗ್ಗೆ 8:30ಕ್ಕೆ ನೋಡಿದ್ದರೆ 03:00.